ಮುಖದ ಬಂಗಿಗೆ ಲೇಸರ್ ಬೇಕೇ?

ಚಳಿಯ ಊರಲ್ಲಿ ಬಿಸಿಲು ಸುಡದೆಂದು ನಾವು ನಂಬುತ್ತೇವೆ. ಆದರೆ 1,000 ಮೀಟರ್ ಮೇಲೇರಿದರೆ ಅತಿನೇರಳೆ ಕಿರಣಗಳು ಸುಮಾರು ಶೇ. 10ರಷ್ಟು ಹೆಚ್ಚುತ್ತವೆ. ಕಲ್ಲಟ್ಟಿಯ ಕ್ಯಾರೆಟ್, ಬೀಟ್‌ರೂಟ್ ತೋಟಗಳಲ್ಲಿ ದಿನವಿಡೀ ದುಡಿಯುವ ನಮ್ಮ ತಾಯಂದಿರ ಕೆನ್ನೆಯಲ್ಲಿ ಕಂದು ಬಂಗು ಮೂಡಲು ಈ ಬಿಸಿಲೂ ಕಾರಣ. ಬಸಿರು, ಗರ್ಭನಿರೋಧಕ ಮಾತ್ರೆ, ವಂಶಗುಣ ಕೂಡ ಕಾರಣಗಳೇ.

ಜಾಹೀರಾತು ಕಂಡು ಲೇಸರಿಗೆ ಮನಸ್ಸಾಗುವುದು ಸಹಜ. ಬಂಗಿಗೆ ಬಳಸುವ ಲೇಸರ್ ಬೆಳಕು ಚರ್ಮದ ಕಪ್ಪು ಬಣ್ಣವನ್ನು ಒಡೆಯುತ್ತದೆ, ನಿಜ. ಆದರೆ ನಮ್ಮಂಥ ಕಂದು ಚರ್ಮದಲ್ಲಿ ಅದರ ಕಾವಿಗೇ ಕಲೆ ಇನ್ನಷ್ಟು ಕಪ್ಪಾಗುವುದುಂಟು. ಮಾಯವಾದದ್ದು ಮತ್ತೆ ಬಿಸಿಲಿಗಿಳಿದಾಗ ಮರಳುವುದೂ ಉಂಟು. ಬೆಳೆ ಮಾರಿದ ಹಣ ಅದಕ್ಕೆ ಸುರಿಯುವ ಮೊದಲು ಯೋಚಿಸಿ. ಅಗಲ ಅಂಚಿನ ಟೊಪ್ಪಿ ಹಾಕಿಕೊಳ್ಳಿ. ಎಸ್‌ಪಿಎಫ್ 30ರ ಲೇಪವನ್ನು ತೋಟದಲ್ಲಿ ಎರಡು ಗಂಟೆಗೊಮ್ಮೆ ಹಚ್ಚಿ. ಚರ್ಮವೈದ್ಯರೂ ಮೊದಲು ಕೊಡುವುದು ಹಚ್ಚುವ ಔಷಧಿಯನ್ನೇ.

ಲೇಸರಿಗಿಂತ ನಮಗೆ ಹೆಚ್ಚು ಭಯ, ಕೇಳಿದೊಡನೆ ಸಿಗುವ ಬಿಳುಪಿನ ಕ್ರೀಮಿನದು. ಬೀಟಾಮೆಥಸೋನ್, ಕ್ಲೋಬೆಟಸಾಲ್‌ನಂಥ ಸ್ಟೀರಾಯ್ಡ್ ಬೆರೆತವು ಮೊದಲು ಮುಖವನ್ನು ಬೆಳ್ಳಗಾಗಿಸಿ, ಆಮೇಲೆ ಚರ್ಮವನ್ನು ತೆಳುವಾಗಿಸಿ ಕೆಂಪೇರಿಸುತ್ತವೆ. ಇಂಥವನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿತು. ಈಗಾಗಲೇ ಹಚ್ಚುತ್ತಿರುವವರು ಥಟ್ಟನೆ ನಿಲ್ಲಿಸಬೇಡಿ. ಆ ಟ್ಯೂಬನ್ನೇ ಒಯ್ದು ಚರ್ಮವೈದ್ಯರಿಗೆ ತೋರಿಸಿ.