ಟಿಕೆಟು ಕೊಂಡ ಮೇಲೆ ವಿಮಾನ ದರ ಇಳಿದರೆ ಹಣ ಮರಳಿ ಬರುವುದೇ?

ಮೇ ತಿಂಗಳ ರಜೆ, ಗಣೇಶ ಚತುರ್ಥಿ, ಊರಿನ ದೈವಸ್ಥಾನದ ನೇಮ, ಬಂಧುಗಳ ಮದುವೆ ಎಂದು ದಹಿಸರ್, ಬೊರಿವಲಿ, ಮೀರಾರೋಡು ಪರಿಸರದ ಕನ್ನಡಿಗ ಕುಟುಂಬಗಳು ವರ್ಷಕ್ಕೆ ಒಂದೆರಡು ಬಾರಿಯಾದರೂ ಊರಿಗೆ ಹೋಗಿ ಬರುವುದು ವಾಡಿಕೆ. ಹಿಂದೆ ಇದಕ್ಕೆ ರಾತ್ರಿ ಬಸ್ಸೇ ಗತಿಯಾಗಿತ್ತು, 1998ರ ಬಳಿಕ ಕೊಂಕಣ ರೈಲು ಬಂತು. ಇಂದು ಹಿರಿಯರ ಮೊಣಕಾಲು ನೋವು, ಮಕ್ಕಳಿಗೆ ಕಚೇರಿಯಲ್ಲಿ ಸಿಗುವ ನಾಲ್ಕೇ ದಿನಗಳ ರಜೆ ಇತ್ಯಾದಿ ಕಾರಣಗಳಿಂದ ಮಂಗಳೂರು, ಹುಬ್ಬಳ್ಳಿ, ಬೆಂಗಳೂರುಗಳಿಗೆ ವಿಮಾನದಲ್ಲಿ ಹೋಗುವುದು ಮಧ್ಯಮ ವರ್ಗದವರಿಗೂ ಅಪರೂಪವಲ್ಲ. ಎರಡು ತಿಂಗಳು ಮುಂಚಿತವಾಗಿ ಟಿಕೆಟು ಕಾದಿರಿಸಿ ನಿಶ್ಚಿಂತರಾಗಿದ್ದವರಿಗೆ, ಕೆಲ ದಿನಗಳ ಬಳಿಕ ಅದೇ ವಿಮಾನದ ದರ ಎರಡು ಮೂರು ಸಾವಿರ ರೂಪಾಯಿ ಇಳಿದಿರುವುದು ಕಂಡುಬಂದರೆ ಮನಸ್ಸಿಗೆ ಇರಿಸುಮುರಿಸಾಗುವುದು ಸಹಜ. ಆ ವ್ಯತ್ಯಾಸದ ಹಣವನ್ನು ಮರಳಿ ಪಡೆಯಲು ಸಾಧ್ಯವೇ ಎಂಬ ಪ್ರಶ್ನೆ ನಾವು ಬ್ಯಾಂಕಿನಲ್ಲಿರುವ ಕಾರಣಕ್ಕೋ ಏನೋ ನಮ್ಮ ಬಳಿಗೆ ಮತ್ತೆ ಮತ್ತೆ ಬರುತ್ತಿರುತ್ತದೆ.

ನೇರ ಉತ್ತರವೆಂದರೆ, ದರ ಇಳಿದ ಮಾತ್ರಕ್ಕೆ ವ್ಯತ್ಯಾಸವನ್ನು ಹಿಂದಿರುಗಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿಲ್ಲ. ಆದರೆ ಟಿಕೆಟನ್ನು ರದ್ದುಪಡಿಸುವ ಕುರಿತು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಮಾಡಿರುವ ನಿಯಮಗಳಿವೆ. ಅವುಗಳನ್ನು ತಿಳಿದು ಲೆಕ್ಕ ಹಾಕಿದವರಿಗೆ ಕೆಲವೊಮ್ಮೆ ಸಾಕಷ್ಟು ಹಣ ಉಳಿಯುತ್ತದೆ, ಲೆಕ್ಕ ಹಾಕದೆ ಅವಸರಿಸಿದವರಿಗೆ ಕೈಯಲ್ಲಿದ್ದುದೂ ಹೋಗುತ್ತದೆ.

ಮೊದಲು ದರ ಏಕೆ ಏರಿಳಿಯುತ್ತದೆಂಬುದನ್ನು ನೋಡೋಣ. ಸರಕಾರಿ ಏಕಸ್ವಾಮ್ಯವಿದ್ದ ಕಾಲದಲ್ಲಿ ವಿಮಾನದ ದರವೂ ಹೆಚ್ಚುಕಡಿಮೆ ರೈಲಿನ ದರದಂತೆ ನಿಗದಿಯಾಗಿರುತ್ತಿತ್ತು. 1953ರ ವಾಯುನಿಗಮಗಳ ಕಾಯಿದೆ 1994ರಲ್ಲಿ ರದ್ದಾದ ಮೇಲೆ ಖಾಸಗಿ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಬೇಗ ಕೊಂಡವರಿಗೆ ಒಂದು ದರ, ತಡವಾಗಿ ಕೊಂಡವರಿಗೆ ಇನ್ನೊಂದು ದರ ಎಂಬ ಪದ್ಧತಿಯನ್ನು ಜನಸಾಮಾನ್ಯರ ಅನುಭವಕ್ಕೆ ತಂದವರು ಮಾತ್ರ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಎನ್ನಬೇಕು. 2003ರಲ್ಲಿ ಆರಂಭವಾದ ಅವರ ಏರ್ ಡೆಕ್ಕನ್ ಸಂಸ್ಥೆಯ ಒಂದು ರೂಪಾಯಿ ಟಿಕೆಟನ್ನು ಅನೇಕರು ಇನ್ನೂ ಮರೆತಿರಲಾರರು. ಇಂದು ಎಲ್ಲ ಸಂಸ್ಥೆಗಳೂ ಒಂದೇ ವಿಮಾನದ ಆಸನಗಳನ್ನು ಹಲವು ದರಗಳ ಗುಂಪುಗಳಾಗಿ ವಿಂಗಡಿಸಿ ಇಡುತ್ತವೆ. ಅಗ್ಗದ ಗುಂಪು ಮುಗಿದಂತೆ ಮುಂದಿನ ಗುಂಪು ತೆರೆದುಕೊಳ್ಳುತ್ತದೆ. ನಿರೀಕ್ಷಿಸಿದಷ್ಟು ಜನ ಬಾರದಿದ್ದರೆ ಅಥವಾ ಪ್ರತಿಸ್ಪರ್ಧಿ ಸಂಸ್ಥೆ ಹೊಸ ವಿಮಾನ ಹಾಕಿದರೆ ಅಗ್ಗದ ಗುಂಪು ಮರಳಿ ತೆರೆಯುತ್ತದೆ. ನಮಗೆ 'ದರ ಇಳಿದಿದೆ' ಎಂದು ಕಾಣುವುದು ಇದೇ.

ಇಲ್ಲೊಂದು ಸೂಕ್ಷ್ಮವಿದೆ. ನಾಲ್ವರಿಗೆ ಒಟ್ಟಾಗಿ ಹುಡುಕಿದರೆ, ನಾಲ್ಕೂ ಆಸನಗಳು ದೊರೆಯುವ ಗುಂಪಿನ ದರವನ್ನೇ ಗಣಕಯಂತ್ರ ತೋರಿಸುವುದು ರೂಢಿ. ಅಗ್ಗದ ಗುಂಪಿನಲ್ಲಿ ಎರಡೇ ಆಸನ ಉಳಿದಿದ್ದರೆ ಅವು ಕಣ್ಣಿಗೇ ಬೀಳುವುದಿಲ್ಲ. ಹಾಗೆಯೇ ಒಬ್ಬರಿಗಾಗಿ ಹುಡುಕಿ ಕಂಡ ಅಗ್ಗದ ದರ ನಾಲ್ವರಿಗೂ ಸಿಗುತ್ತದೆಂದು ಭಾವಿಸಿ ಹಳೆಯ ಟಿಕೆಟನ್ನು ರದ್ದುಪಡಿಸಿದರೆ ಪೇಚಿಗೆ ಸಿಲುಕಬೇಕಾಗುತ್ತದೆ. ಆದುದರಿಂದ ಒಬ್ಬರಿಗೂ, ಇಬ್ಬರಿಗೂ, ನಾಲ್ವರಿಗೂ ಬೇರೆ ಬೇರೆಯಾಗಿ ಹುಡುಕಿ ನೋಡಬೇಕು. ಒಂದೇ ಪಿ.ಎನ್.ಆರ್.ನಲ್ಲಿರುವ ನಾಲ್ವರ ಪೈಕಿ ಇಬ್ಬರ ಟಿಕೆಟನ್ನು ಮಾತ್ರ ರದ್ದುಗೊಳಿಸುವುದಕ್ಕೂ ಸಾಮಾನ್ಯವಾಗಿ ಅವಕಾಶವಿರುತ್ತದೆ.

ಹಣ ಉಳಿಸಿಕೊಳ್ಳಲು ಎಲ್ಲಕ್ಕಿಂತ ಸುಲಭವಾದ ದಾರಿ ಮೊದಲ 24 ಗಂಟೆಗಳದು. ಪ್ರಯಾಣದ ದಿನಕ್ಕೆ ಕನಿಷ್ಠ 7 ದಿನ ಮೊದಲು ಕಾದಿರಿಸಿದ ಟಿಕೆಟನ್ನು 24 ಗಂಟೆಗಳೊಳಗೆ ಯಾವುದೇ ರದ್ದತಿ ಶುಲ್ಕವಿಲ್ಲದೆ ಹಿಂದಿರುಗಿಸುವ ಹಕ್ಕನ್ನು ಮಹಾನಿರ್ದೇಶನಾಲಯದ ನಿಯಮ ಪ್ರಯಾಣಿಕರಿಗೆ ಕೊಟ್ಟಿತು. ಈ ಅವಧಿಯನ್ನು 48 ಗಂಟೆಗಳಿಗೆ ವಿಸ್ತರಿಸುವ ಕರಡನ್ನು ಅದು 2025ರ ನವೆಂಬರಿನಲ್ಲಿ ಪ್ರಕಟಿಸಿತು. ಕಾದಿರಿಸುವ ಹೊತ್ತಿಗೆ ಅವಧಿ ಎಷ್ಟು, ನಿಬಂಧನೆಗಳೇನು ಎಂಬುದನ್ನು ಸಂಸ್ಥೆಯ ಜಾಲತಾಣದಲ್ಲೇ ಓದಿಕೊಳ್ಳುವುದು ಒಳಿತು. ಸಂಜೆ ಟಿಕೆಟು ಕೊಂಡವರು ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅದೇ ವಿಮಾನದ ದರವನ್ನು ಇನ್ನೊಮ್ಮೆ ನೋಡುವ ಅಭ್ಯಾಸ ಇಟ್ಟುಕೊಂಡರೆ ಸಾಕು. ಇಳಿದಿದ್ದರೆ ಹಳೆಯದನ್ನು ರದ್ದುಮಾಡಿ ಹೊಸದನ್ನು ಕೊಳ್ಳಬಹುದು. ಪ್ರವಾಸಿ ಜಾಲತಾಣಗಳು ವಿಧಿಸುವ ಅನುಕೂಲ ಶುಲ್ಕವು ಸಾಮಾನ್ಯವಾಗಿ ಮರಳಿ ಬರುವುದಿಲ್ಲ, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಆ ಅವಧಿ ಕಳೆದ ಮೇಲೆ ಉಳಿಯುವುದು ಕೂಡು ಕಳೆ ಲೆಕ್ಕ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಮುಂಬಯಿ–ಮಂಗಳೂರು ಟಿಕೆಟನ್ನು ತಲೆಗೆ 9,400 ರೂಪಾಯಿಯಂತೆ ಕೊಂಡಿದ್ದೇವೆ, ಈಗ 6,100ಕ್ಕೆ ಸಿಗುತ್ತಿದೆ, ರದ್ದತಿ ಶುಲ್ಕ 4,200 ಎಂದಿಟ್ಟುಕೊಳ್ಳೋಣ. ರದ್ದುಮಾಡಿದರೆ ಮರಳುವುದು 5,200. ಹೊಸ ಟಿಕೆಟಿಗೆ ಕೈಯಿಂದ ಇನ್ನೂ 900 ಹಾಕಬೇಕು. ದರ 3,300 ಇಳಿದಿದ್ದರೂ ನಮಗೆ ನಷ್ಟವೇ. ಅದೇ ಟಿಕೆಟನ್ನು ರಜೆಯ ಭರಾಟೆಯಲ್ಲಿ 13,000ಕ್ಕೆ ಕೊಂಡಿದ್ದರೆ? ಮರಳುವುದು 8,800, ಹೊಸದಕ್ಕೆ 6,100, ಉಳಿತಾಯ ತಲೆಗೆ 2,700. ನಾಲ್ವರ ಕುಟುಂಬಕ್ಕೆ 10,800 ರೂಪಾಯಿ ಎಂದರೆ ಅಲಕ್ಷಿಸುವ ಮೊತ್ತವಲ್ಲ. ಇಳಿಕೆಯು ರದ್ದತಿ ಶುಲ್ಕಕ್ಕಿಂತಲೂ ಹೊಸ ಟಿಕೆಟಿನ ಅನುಕೂಲ ಶುಲ್ಕಕ್ಕಿಂತಲೂ ಒಟ್ಟಾರೆ ಹೆಚ್ಚಾಗಿದ್ದರೆ ಮಾತ್ರ ಹಳೆಯ ಟಿಕೆಟನ್ನು ಮುಟ್ಟಬೇಕು. ಅಗ್ಗದಲ್ಲಿ ಕೊಂಡವರು ಸುಮ್ಮನಿರುವುದೇ ಲೇಸು, ದುಬಾರಿ ಕೊಂಡವರು ದರವನ್ನು ಗಮನಿಸುತ್ತಿರಬೇಕು.

ಅಗ್ಗದ ಟಿಕೆಟಿನ ವಿಚಾರದಲ್ಲಿ 2016ರ ಆಗಸ್ಟಿನಲ್ಲಿ ಜಾರಿಗೆ ಬಂದ ನಿಯಮವೊಂದು ನೆನಪಿನಲ್ಲಿರಬೇಕು. ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕಗಳ ಮೊತ್ತವನ್ನು ಮೀರುವಂತಿಲ್ಲ. ತೆರಿಗೆಗಳನ್ನೂ ವಿಮಾನ ನಿಲ್ದಾಣದ ಬಳಕೆದಾರ ಶುಲ್ಕವನ್ನೂ ಮರಳಿಸಲೇಬೇಕು. ಹಣ ವಾಪಸಿಲ್ಲವೆಂಬ ಷರತ್ತಿನ ರಿಯಾಯಿತಿ ಟಿಕೆಟಿಗೂ, ಪ್ರಯಾಣಿಸದೆ ಬಿಟ್ಟ ಟಿಕೆಟಿಗೂ ಇದು ಅನ್ವಯಿಸುತ್ತದೆ. 3,600ರ ಟಿಕೆಟಿನಲ್ಲಿ ಮೂಲ ದರ 2,700, ತೆರಿಗೆ ಇತ್ಯಾದಿ 900 ಎಂದಾದರೆ ಆ 900 ನಮ್ಮದು. ಹೊಸದನ್ನು ಕೊಂಡು ಹಳೆಯದನ್ನು 'ಹೋದರೆ ಹೋಗಲಿ' ಎಂದು ಕೈಬಿಡುವವರು ಈ ಹಣವನ್ನು ಕೇಳಿ ಪಡೆಯುವುದೇ ಇಲ್ಲ.

ರದ್ದು ಮಾಡುವ ಬದಲು ದಿನಾಂಕ ಅಥವಾ ವಿಮಾನವನ್ನು ಬದಲಿಸಿದರಾಗದೇ ಎಂದು ಕೆಲವರು ಕೇಳುವುದುಂಟು. ಬದಲಾವಣೆಯ ಸಂದರ್ಭದಲ್ಲಿ ಹೊಸ ದರ ಹೆಚ್ಚಿದ್ದರೆ ವ್ಯತ್ಯಾಸವನ್ನು ವಸೂಲು ಮಾಡುವ ಸಂಸ್ಥೆಗಳು, ಕಡಿಮೆಯಿದ್ದರೆ ಮರಳಿಸುವುದು ಅಪರೂಪ. ಹಾಗಾಗಿ ಎರಡೂ ಪುಟಗಳನ್ನು ತೆರೆದು, ಕೊನೆಯ ಗುಂಡಿ ಒತ್ತುವ ಮೊದಲು ತೆರೆಯ ಮೇಲೆ ಕಾಣುವ ಮರುಪಾವತಿ ಮೊತ್ತವನ್ನು ಬರೆದುಕೊಂಡು ಹೋಲಿಸಬೇಕು. ಹೊಸ ಟಿಕೆಟು ಕೈಸೇರಿದ ಕೂಡಲೇ ಹಳೆಯದನ್ನು ರದ್ದುಮಾಡಬೇಕು. ಒಂದೇ ಹೆಸರಿಗೆ ಒಂದೇ ವಿಮಾನದಲ್ಲಿ ಎರಡು ಟಿಕೆಟು ದಿನಗಟ್ಟಲೆ ಉಳಿದರೆ ಸಂಸ್ಥೆಯೇ ಒಂದನ್ನು ರದ್ದುಪಡಿಸುವ ಸಂಭವವಿರುತ್ತದೆ. ಅಂತೆಯೇ ಯಾವ ನಿಲ್ದಾಣದಿಂದ ಹೊರಡುವ ವಿಮಾನವೆಂದೂ ನೋಡಬೇಕು. 2025ರ ಡಿಸೆಂಬರ್ 25ರಿಂದ ನವಿಮುಂಬಯಿ ನಿಲ್ದಾಣದಿಂದಲೂ ವಿಮಾನಗಳು ಹಾರುತ್ತಿವೆ. ದಹಿಸರಿನಿಂದ ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ನೇರವಾಗಿ ಸಾಂತಾಕ್ರೂಜಿಗೆ ಹೋಗುವವರು, ಅಗ್ಗದ ಟಿಕೆಟಿನ ಆಸೆಗೆ ಮುಂಜಾನೆ ಮೂರಕ್ಕೆ ಟ್ಯಾಕ್ಸಿ ಹಿಡಿದು ನವಿಮುಂಬಯಿಗೆ ಹೊರಟರೆ ಉಳಿದ ಹಣ ಟ್ಯಾಕ್ಸಿಯವನ ಪಾಲಾದೀತು.

ಹಣದ ಬದಲು 'ಕ್ರೆಡಿಟ್ ಶೆಲ್' ಅಥವಾ ವೋಚರ್ ಕೊಡುತ್ತೇವೆ, ಮುಂದಿನ ಪ್ರಯಾಣಕ್ಕೆ ಬಳಸಿಕೊಳ್ಳಿ ಎಂಬ ಸಲಹೆಗೆ ನಾವು ಬಹಳ ಎಚ್ಚರದಿಂದ ಇರಬೇಕೆನ್ನುತ್ತೇವೆ. ಹಣವೋ ಜಮೆಯೋ ಎಂಬ ಆಯ್ಕೆ ಪ್ರಯಾಣಿಕನದೇ ಹೊರತು ಸಂಸ್ಥೆಯದಲ್ಲ ಎಂದು 2016ರ ನಿಯಮ ಹೇಳಿದೆ. ಬ್ಯಾಂಕಿನ ಠೇವಣಿಗೆ ಬಡ್ಡಿಯಿದೆ, ವಿಮೆಯಿದೆ. ವಿಮಾನ ಸಂಸ್ಥೆಯಲ್ಲಿ ಬಿಟ್ಟ ಹಣಕ್ಕೆ ಎರಡೂ ಇಲ್ಲ, ಅವಧಿ ಮುಗಿದರೆ ಅಸಲೂ ಇಲ್ಲ. ಕೊರೊನಾ ಕಾಲದ ಟಿಕೆಟುಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರ್ 1ರಂದು ನೀಡಿದ ತೀರ್ಪಿನಲ್ಲಿ, ಸಂಕಷ್ಟದಲ್ಲಿದ್ದ ಸಂಸ್ಥೆಗಳು ಹೀಗೆ ಜಮೆ ಇಟ್ಟುಕೊಂಡರೆ ಅದರ ಮೌಲ್ಯ 2020ರ ಜೂನ್ 30ರವರೆಗೆ ತಿಂಗಳಿಗೆ ಶೇ. 0.5ರಂತೆ, ಆ ಬಳಿಕ 2021ರ ಮಾರ್ಚ್ 31ರವರೆಗೆ ಶೇ. 0.75ರಂತೆ ಏರಬೇಕೆಂದು ಆದೇಶಿಸಿತ್ತು. ಅದು ಆ ಕಾಲಕ್ಕಷ್ಟೇ ಸೀಮಿತವಾದ ಪರಿಹಾರ. ಇನ್ನು ಸಂಸ್ಥೆಯೇ ಮುಚ್ಚಿದರೆ? 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್, 2023ರ ಮೇ 3ರಂದು ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಮುಂಬಯಿಗರ ಅದೆಷ್ಟೋ ಟಿಕೆಟುಗಳು ದಿವಾಳಿ ಪ್ರಕ್ರಿಯೆಯ ಸಾಲಗಾರರ ಸರದಿಯಲ್ಲಿ ನಿಂತುವು.

ನೆರೆಯ ಏಜೆಂಟರ ಮೂಲಕ ಕೊಳ್ಳುವ ಹಿರಿಯರು ಇಂದಿಗೂ ಅನೇಕರಿದ್ದಾರೆ. ತಪ್ಪೇನೂ ಇಲ್ಲ. ಆದರೆ ಟಿಕೆಟಿನಲ್ಲಿ ಏಜೆಂಟರದಲ್ಲದೆ ತಮ್ಮದೇ ಮೊಬೈಲ್ ಸಂಖ್ಯೆ, ಇ-ಮೇಲ್ ಇರುವಂತೆ ನೋಡಿಕೊಳ್ಳಬೇಕು. ಮರುಪಾವತಿಯು ಹಣ ಬಂದ ಖಾತೆಗೇ ಹೋಗುವುದರಿಂದ ಅದು ಮೊದಲು ಏಜೆಂಟರ ಖಾತೆಗೆ ಸೇರುತ್ತದೆ, ಎಷ್ಟು ಬಂತೆಂಬ ಸಂದೇಶ ನಮಗೂ ಬರಬೇಕು. ಏಜೆಂಟರು ಸಂಸ್ಥೆಯ ಪ್ರತಿನಿಧಿಗಳಾದುದರಿಂದ ಹಣ ಮರಳಿಸುವ ಅಂತಿಮ ಹೊಣೆ ವಿಮಾನ ಸಂಸ್ಥೆಯದೇ ಎಂಬುದೂ ನಿಯಮದಲ್ಲಿದೆ.

ಅಮೆರಿಕದಲ್ಲಿರುವ ಮಕ್ಕಳು ತಂದೆತಾಯಿಗೆ ಅಲ್ಲಿಂದಲೇ ಟಿಕೆಟು ತೆಗೆಯುವುದು ಸಾಮಾನ್ಯ. ಆ ದೇಶಕ್ಕೆ ಹೋಗಿಬರುವ ವಿಮಾನಗಳ ಟಿಕೆಟನ್ನು 7 ದಿನ ಮೊದಲು ಸಂಸ್ಥೆಯಿಂದ ನೇರವಾಗಿ ಕೊಂಡರೆ, 24 ಗಂಟೆಗಳೊಳಗೆ ರದ್ದುಪಡಿಸುವ ಅಥವಾ ಹಣ ಕೊಡದೆ ಅದೇ ದರವನ್ನು ಅಷ್ಟು ಹೊತ್ತು ಕಾಯ್ದಿಡುವ ಅವಕಾಶ ಅಲ್ಲೂ ಇದೆ. ಅಲ್ಲಿನ ದೊಡ್ಡ ಸಂಸ್ಥೆಗಳು 2020ರಲ್ಲಿ ಬಹುತೇಕ ಟಿಕೆಟುಗಳ ಬದಲಾವಣೆ ಶುಲ್ಕವನ್ನು ಕೈಬಿಟ್ಟುದರಿಂದ, ದರ ಇಳಿದಾಗ ಅದೇ ವಿಮಾನವನ್ನು ಹೊಸ ದರಕ್ಕೆ ಬದಲಿಸಿ ವ್ಯತ್ಯಾಸವನ್ನು ಜಮೆಯಾಗಿ ಪಡೆಯುವವರಿದ್ದಾರೆ. ತೀರಾ ಅಗ್ಗದ 'ಬೇಸಿಕ್' ದರ್ಜೆಗೆ ಸಾಮಾನ್ಯವಾಗಿ ಈ ಸೌಲಭ್ಯವಿಲ್ಲ.

ಕೊನೆಯದಾಗಿ, ನಾವು ಕಚೇರಿಯಲ್ಲಿ ಕಂಡು ನೊಂದಿರುವ ವಿಷಯ. ಮರುಪಾವತಿ ತಡವಾಯಿತೆಂದು ಅಂತರಜಾಲದಲ್ಲಿ 'ಗ್ರಾಹಕ ಸೇವೆ'ಯ ಸಂಖ್ಯೆ ಹುಡುಕಿ ಕರೆ ಮಾಡಿ, ವಂಚಕರ ಕೈಗೆ ಒ.ಟಿ.ಪಿ. ಕೊಟ್ಟು, ಬರಬೇಕಾದ ಎರಡು ಸಾವಿರದ ಬದಲು ಖಾತೆಯಲ್ಲಿದ್ದುದನ್ನೆಲ್ಲ ಕಳೆದುಕೊಂಡವರಿದ್ದಾರೆ. ನಮಗೆ ಹಣ ಬರುವುದಕ್ಕೆ ಯು.ಪಿ.ಐ. ಪಿನ್ ಒತ್ತಬೇಕಾಗಿಲ್ಲ, ಒ.ಟಿ.ಪಿ. ಹೇಳಬೇಕಾಗಿಲ್ಲ. ಸಂಸ್ಥೆಯ ಸಂಖ್ಯೆಯನ್ನು ಟಿಕೆಟಿನಿಂದಲೇ ಓದಿ ಕರೆ ಮಾಡಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ವಿಮಾನಯಾನ ಸಚಿವಾಲಯದ 'ಏರ್ ಸೇವಾ' ತಾಣದಲ್ಲಿ ಪಿ.ಎನ್.ಆರ್. ಸಹಿತ ದೂರು ಸಲ್ಲಿಸಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ವಂಚನೆಯೇ ಆಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ, ಬ್ಯಾಂಕಿಗೂ ಆಗಲೇ ಸುದ್ದಿ ಮುಟ್ಟಿಸಬೇಕು.