ಸಂಘದ ಅಂಗಡಿಗೆ ಏನು ಕೊಳ್ಳಬೇಕು, ಏನು ಬೇಡವೆನ್ನಬೇಕು?



ಹಳ್ಳಿಯ ಹಾಲು ಉತ್ಪಾದಕರ ಸಂಘವೆಂದರೆ ಹಾಲು ಅಳೆಯುವ ಸ್ಥಳ ಮಾತ್ರವಲ್ಲ, ಅದೊಂದು ಅಂಗಡಿಯೂ ಹೌದು. ಊರಿನವರಿಗೆ ಅಲ್ಲಿ ಲೀಟರು, ಅರ್ಧ ಲೀಟರು ಹಾಲು ಮಾರಾಟವಾಗುತ್ತದೆ. ಪಕ್ಕದ ಕೋಣೆಯಲ್ಲಿ ಪಶು ಆಹಾರ, ಖನಿಜ ಮಿಶ್ರಣ ಇರುತ್ತದೆ. ಕೆಲವು ಕಡೆ ಸದಸ್ಯರು ಬೆಳೆದ ಮೆಕ್ಕೆಜೋಳವನ್ನೇ ಕೊಂಡು, ನುಚ್ಚು ಮಾಡಿಸಿ, ದನ ಸಾಕಿದವರಿಗೆ ಕೊಡುವುದೂ ಉಂಟು. ಮಾರುವವರೂ ನಮ್ಮವರೇ, ಕೊಳ್ಳುವವರೂ ನಮ್ಮವರೇ. ಇಕ್ಕಟ್ಟು ಹುಟ್ಟುವುದು ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ಬಿ.ದುರ್ಗ ಹೋಬಳಿಯ ಒಂದು ಊರಿಗೆ ಕೆಲಸದ ಮೇಲೆ ಹೋಗಿದ್ದೆ. ಕಟಾವಿನ ಹೊತ್ತಿಗೆ ಮಳೆ ಹಿಡಿದಿತ್ತು. ಹಿರಿಯ ಸದಸ್ಯರೊಬ್ಬರು ಗಾಡಿಯಲ್ಲಿ ಹನ್ನೆರಡು ಚೀಲ ಮೆಕ್ಕೆಜೋಳ ತಂದಿದ್ದರು. ಚೀಲದೊಳಗೆ ಕೈ ಹಾಕಿದರೆ ಬಿಸಿ; ಮುಗ್ಗಲು ವಾಸನೆ; ಕಾಳಿನ ಮೇಲೆ ಹಸಿರು ಮಿಶ್ರಿತ ಹಳದಿ ಬೂಷ್ಟು. ಕಾರ್ಯದರ್ಶಿ ಆ ಹಿರಿಯರ ಅಣ್ಣನ ಮಗ. "ನಮ್ಮ ಸಂಘವೇ ಬೇಡ ಅಂದ್ರೆ ಇನ್ಯಾರಿಗೆ ಮಾರ್ಲಪ್ಪ? ದನಕ್ಕೆ ತಾನೇ, ಮನುಷ್ಯರು ತಿನ್ನೋದಲ್ಲವಲ್ಲ" ಎಂದರು ಹಿರಿಯರು. ಕಾರ್ಯದರ್ಶಿ ನನ್ನ ಕಡೆ ತಿರುಗಿ, "ನೀವೇ ಹೇಳಿ ಸಾರ್, ಚಿಕ್ಕಪ್ಪನಿಗೆ ನಾನು ಹೇಗೆ ಇಲ್ಲ ಅನ್ನಲಿ?" ಎಂದರು.

ಬೂಷ್ಟಿನ ವಿಷ ಹಾಲಿಗೆ ಬರುವ ಬಗೆ

ಸರಿಯಾಗಿ ಒಣಗದ ಮೆಕ್ಕೆಜೋಳ, ಶೇಂಗಾ, ಶೇಂಗಾ ಹಿಂಡಿಗಳಲ್ಲಿ ಬೆಳೆಯುವ ಒಂದು ಜಾತಿಯ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಬೆಳಕಿಗೆ ಬಂತು. ಹಸು ಅದನ್ನು ತಿಂದರೆ ಯಕೃತ್ತಿನಲ್ಲಿ ಅದು ರೂಪ ಬದಲಿಸಿ, ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಕಾಯಿಸಿದರೂ ಹೋಗುವುದಿಲ್ಲ, ಪಾಶ್ಚೀಕರಿಸಿದರೂ ಹೋಗುವುದಿಲ್ಲ. ಲ್ಯಾಕ್ಟೋಮೀಟರಿಗೆ ತಿಳಿಯುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಆದುದರಿಂದ "ದನಕ್ಕೆ ತಾನೇ" ಎಂಬ ಮಾತು ನಿಲ್ಲುವುದಿಲ್ಲ. ದನದ ಬಾನಿಗೆ ಹಾಕಿದ್ದು ಮಗುವಿನ ಲೋಟಕ್ಕೆ ಬರುತ್ತದೆ.

1974ರಲ್ಲಿ ರಾಜಸ್ಥಾನದ ಬಾಂಸ್ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಬಡಜನರು ಬೇರೆ ಗತಿಯಿಲ್ಲದೆ ಉಂಡರು. 397 ಮಂದಿಗೆ ಕಾಮಾಲೆ ಕಾಣಿಸಿಕೊಂಡು 106 ಮಂದಿ ತೀರಿಕೊಂಡರು. ಹಾಲಿನಲ್ಲಿ ಬರುವ ಅಂಶ ಇದಕ್ಕಿಂತ ಬಹಳ ಕಡಿಮೆ, ನಿಜ. ಆದರೆ ಹಾಲು ದಿನವೂ ಕುಡಿಯುವ ವಸ್ತು, ಹೆಚ್ಚು ಕುಡಿಯುವವರು ಮಕ್ಕಳು. ಅದಕ್ಕಾಗಿಯೇ ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ಕಾನೂನು ಮಿತಿ ಹಾಕಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಈ ವಿಷ ಮಿತಿ ಮೀರಿದ್ದು 368ರಲ್ಲಿ. ನಾವು ಕಲಬೆರಕೆಗೆ ಹೆದರುತ್ತೇವೆ, ಮೇವಿನ ಚೀಲವನ್ನು ಮರೆಯುತ್ತೇವೆ.

ಎರಡನೆಯ ಇಕ್ಕಟ್ಟು: ಔಷಧಿ ಕೊಟ್ಟ ಹಸುವಿನ ಹಾಲು

ಅದೇ ಸಮೀಕ್ಷೆಯಲ್ಲಿ 77 ಮಾದರಿಗಳಲ್ಲಿ ಜೀವನಿರೋಧಕ ಔಷಧಿಗಳ ಶೇಷ ಮಿತಿ ಮೀರಿತ್ತು. ಕೆಚ್ಚಲು ಬಾವಿಗೆ ಟ್ಯೂಬ್ ಏರಿಸಿದ ಹಸುವಿನ ಹಾಲನ್ನು ಔಷಧಿಯ ಚೀಟಿಯಲ್ಲಿ ಬರೆದಷ್ಟು ದಿನ ಸಂಘಕ್ಕೆ ಹಾಕಬಾರದು. ಚೀಟಿಯಲ್ಲಿ ಅವಧಿ ಇಲ್ಲದಿದ್ದರೆ ಕನಿಷ್ಠ 7 ದಿನ ಎಂಬುದು 2012ರ ನಿಯಮ. ಆದರೆ ಒಂದೇ ಹಸು ಇರುವ ಮನೆಗೆ ಏಳು ದಿನದ ಹಾಲು ಎಂದರೆ ವಾರದ ಸಂತೆ, ಸಾಲದ ಕಂತು. ಆ ಮನೆಯವರು ಕ್ಯಾನ್ ಹಿಡಿದು ಬಂದಾಗ ಹಿಂದಕ್ಕೆ ಕಳಿಸುವುದು ಹೇಗೆ?

ಕೆಲವರು ಒಂದು ಉಪಾಯ ಹೇಳುತ್ತಾರೆ. ಊರಿನ ಮಾರಾಟಕ್ಕೆ ಬೇಡ, ಡೇರಿಗೆ ಹೋಗುವ ಕ್ಯಾನಿಗೆ ಸುರಿಯೋಣ, ಅಷ್ಟು ಹಾಲಿನಲ್ಲಿ ಕರಗಿಹೋಗುತ್ತದೆ ಎಂದು. ನಮ್ಮ ಮಕ್ಕಳಿಗೆ ಬೇಡವಾದದ್ದು ಪೇಟೆಯ ಮಕ್ಕಳಿಗೆ ಆದೀತೇ? ಹಾಗೆ ಸುರಿದರೆ ಕೆಡುವುದು ಪ್ರಾಮಾಣಿಕವಾಗಿ ಹಾಲು ಹಾಕಿದ ಉಳಿದವರ ಹಾಲೂ ಹೌದು.

ನಷ್ಟ ಒಬ್ಬನ ತಲೆಗೆ ಬೇಡ

ಇಂಗ್ಲೆಂಡಿನ ರಾಕ್‌ಡೇಲ್ ಪಟ್ಟಣದ ಕೆಲಸಗಾರರು 1844ರಲ್ಲಿ ತೆರೆದ ಸಹಕಾರಿ ಅಂಗಡಿ ಶುದ್ಧ ಸಾಮಾನು, ಪೂರ್ಣ ತೂಕ ಎಂಬ ಮಾತಿಗೆ ನಿಂತು ಹೆಸರು ಮಾಡಿತು. ಆ ಮಾತು ನಮಗೂ ಅನ್ವಯಿಸುತ್ತದೆ. ಆದರೆ ಸಹಕಾರವೆಂದರೆ ಬರೀ ಬೇಡವೆನ್ನುವುದಲ್ಲ. ಬೇಡವೆಂದಾಗ ಆಗುವ ನಷ್ಟದಲ್ಲಿ ಪಾಲು ಪಡೆಯುವುದೂ ಸಹಕಾರವೇ. ಆದುದರಿಂದ:

1. ಮೆಕ್ಕೆಜೋಳವನ್ನು ತೇವ ನೋಡಿಯೇ ಕೊಳ್ಳಿರಿ. ಒಣ ಬಾಟಲಿಗೆ ಒಣಗಿದ ಪುಡಿ ಉಪ್ಪು ಮತ್ತು ಕಾಳು ಹಾಕಿ ಕುಲುಕಿರಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚು. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕಾಣಿಸುವುದು ಒಳ್ಳೆಯದು, ಶೇ. 12-13ಕ್ಕೆ ಇಳಿದರೆ ಶೇಖರಣೆಗೆ ಯೋಗ್ಯ.

2. ಕಟಾವಿಗೆ ಮೊದಲೇ ಸಂಘದಿಂದ ಎರಡು ಮೂರು ಟಾರ್ಪಾಲು ಕೊಂಡು ಸರದಿಯಂತೆ ಕೊಡಿರಿ. ಚೆನ್ನಾಗಿ ಒಣಗಿಸಿದ ಕಾಳಿಗೆ ನಾಲ್ಕು ಕಾಸು ಹೆಚ್ಚು ಕೊಡಿರಿ.

3. ಬೂಷ್ಟು ಹಿಡಿದದ್ದನ್ನು ದನಕ್ಕಾಗಲಿ ಕೋಳಿಗಾಗಲಿ ಹಾಕಬೇಡಿರಿ. ತಿಪ್ಪೆ ಗುಂಡಿಗೆ ಹಾಕಿ ಮಣ್ಣು ಮುಚ್ಚಿರಿ. ಅಂಥ ಮೇವು ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ.

4. ಔಷಧಿ ಕೊಟ್ಟ ಹಸುವಿನ ಲೆಕ್ಕಕ್ಕೆ ಒಂದು ಪುಸ್ತಕ ಇಡಿರಿ. ನಿಜ ಹೇಳಿ ಹಾಲು ನಿಲ್ಲಿಸಿದ ಬಡ ಸದಸ್ಯರಿಗೆ ಸ್ವಲ್ಪ ಮುಂಗಡವನ್ನೋ ಪಶು ಆಹಾರವನ್ನು ಸಾಲವಾಗಿಯೋ ಕೊಡುವ ಬಗ್ಗೆ ಆಡಳಿತ ಮಂಡಳಿಯಲ್ಲಿ ಚರ್ಚಿಸಿ ನಿರ್ಣಯ ಮಾಡಿರಿ. ನಿಜ ಹೇಳಿದವನಿಗೇ ನಷ್ಟವಾದರೆ ನಾಳೆ ಯಾರೂ ನಿಜ ಹೇಳುವುದಿಲ್ಲ.

ಆ ದಿನ ನಾನು ಬೇಡವೆಂದೆ, ಕಾರ್ಯದರ್ಶಿಯೂ ಬೇಡವೆಂದರು. ಹಿರಿಯರು ಮಾತಾಡದೆ ಗಾಡಿ ತಿರುಗಿಸಿದರು. ಎರಡು ದಿನದ ಮೇಲೆ ಆ ಚೀಲಗಳನ್ನು ಲಾರಿಯ ವ್ಯಾಪಾರಿಯೊಬ್ಬ ಅರ್ಧ ಬೆಲೆಗೆ ಎತ್ತಿಕೊಂಡು ಹೋದನಂತೆ. ನಮ್ಮ ಅಂಗಡಿ ಶುದ್ಧವಾಗಿ ಉಳಿಯಿತು. ವಿಷ ಮಾತ್ರ ಬೇರೆ ಊರಿನ ಬಾನಿಗೆ ಹೋಯಿತು. ಅಂದು ಬೇಡವೆಂದದ್ದು ಸರಿಯೇ. ಬೇಡವೆಂದು ಸುಮ್ಮನಾದದ್ದು ತಪ್ಪು. ಹನ್ನೆರಡು ಚೀಲದ ನಷ್ಟವನ್ನು ಹತ್ತು ಜನ ಹಂಚಿಕೊಂಡಿದ್ದರೆ ಅವು ಗುಂಡಿ ಸೇರುತ್ತಿದ್ದವು, ಹಿರಿಯರೂ ತಲೆ ತಗ್ಗಿಸಿ ಹೋಗುತ್ತಿರಲಿಲ್ಲ.

ಮುಂದಿನ ಕಟಾವಿಗೆ ಮುನ್ನ ಈ ವಿಷಯವನ್ನು ತಮ್ಮ ಸಂಘದ ಸಭೆಯಲ್ಲಿ ಇಡಬೇಕಾಗಿ ಕೋರುತ್ತೇನೆ.