ಹದಿಮೂರನೇ ಕ್ರೋಮೋಸೋಮಿನ ಖಾಲಿ ಜಾಗ

ವಯಸ್ಸಾದವರು ಶುಗರ್, ಬಿ.ಪಿ. ತೋರಿಸಲು ಹೋಗಿ ರಕ್ತ ಕೊಟ್ಟು ಬಂದಾಗ ಕೆಲವೊಮ್ಮೆ ಬಿಳಿ ರಕ್ತಕಣಗಳ ಲೆಕ್ಕ ವಿಪರೀತ ಏರಿರುವುದು ಗೊತ್ತಾಗುತ್ತದೆ. ಜ್ವರವಿಲ್ಲ, ನೋವಿಲ್ಲ. ಆ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲೆಲ್ಲೂ ಒಂದೇ ಬಗೆಯ ಲಿಂಫೋಸೈಟುಗಳು. ನಡುನಡುವೆ, ಸವರುವಾಗಲೇ ಒಡೆದು ಶಾಯಿ ಕಲೆಯಂತೆ ಹರಡಿದ ಕೆಲವು ಕಣಗಳು. ವೈದ್ಯರು ಸಿಎಲ್‌ಎಲ್ ಎನ್ನುವ ರಕ್ತದ ಕ್ಯಾನ್ಸರ್ ಎಷ್ಟೋ ಸಲ ಪತ್ತೆಯಾಗುವುದು ಹೀಗೆ. ಸಾಯುವ ಹೊತ್ತು ಬಂದರೂ ಸಾಯದೆ ಉಳಿದುಬಿಡುವುದೇ ಈ ಕಣಗಳ ದೊಡ್ಡ ದೋಷ.

ಅರ್ಧಕ್ಕಿಂತ ಹೆಚ್ಚು ರೋಗಿಗಳ ಈ ಕಣಗಳಲ್ಲಿ 13ನೇ ಕ್ರೋಮೋಸೋಮಿನ ಒಂದು ತುಣುಕು ಕಳಚಿಹೋಗಿರುತ್ತದೆ. ಅಲ್ಲಿ ಕ್ಯಾನ್ಸರನ್ನು ತಡೆಯುವ ಜೀನ್ ಇದ್ದಿರಬೇಕೆಂದು ಹಲವು ಪ್ರಯೋಗಾಲಯಗಳು ವರ್ಷಗಟ್ಟಲೆ ಹುಡುಕಿದವು. ಪ್ರೋಟೀನ್ ತಯಾರಿಸುವ ಜೀನುಗಳನ್ನು ಒಂದೊಂದಾಗಿ ನೋಡಿದರೂ ಉತ್ತರ ಸಿಗಲಿಲ್ಲ. 2002ರಲ್ಲಿ ಫಿಲಡೆಲ್ಫಿಯಾದ ಕಾರ್ಲೊ ಕ್ರೋಚೆ, ಜಾರ್ಜ್ ಕ್ಯಾಲಿನ್ ಮತ್ತು ಸಂಗಡಿಗರು ಹುಡುಕಾಟವನ್ನು ಸುಮಾರು 30 ಸಾವಿರ ಅಕ್ಷರಗಳಷ್ಟು ಡಿಎನ್‌ಎಗೆ ಇಳಿಸಿದರು. ಅಲ್ಲಿದ್ದದ್ದು ತಲಾ 22 ಅಕ್ಷರಗಳ ಆಸುಪಾಸಿನ ಎರಡು ಮೈಕ್ರೋ ಆರ್‌ಎನ್‌ಎಗಳು: ಮಿರ್-15 ಮತ್ತು ಮಿರ್-16. ಇಷ್ಟು ಪುಟ್ಟ ವಸ್ತುವನ್ನು ಅದುವರೆಗೆ ಯಾರೂ ಕ್ಯಾನ್ಸರಿನ ಜೊತೆ ಸೇರಿಸಿ ನೋಡಿರಲಿಲ್ಲ.

ಮೊದಲ ಮೈಕ್ರೋ ಆರ್‌ಎನ್‌ಎ 1993ರಲ್ಲಿ ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ. ಅದಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ಬಂತು. ಜೀನಿನ ಸಂದೇಶ ಹೊತ್ತು ಬರುವ ಉದ್ದನೆಯ ಆರ್‌ಎನ್‌ಎಯ ಕೊನೆಯ ಭಾಗಕ್ಕೆ ಮೈಕ್ರೋ ಆರ್‌ಎನ್‌ಎ ಹೋಗಿ ಅಂಟಿಕೊಳ್ಳುತ್ತದೆ. ಆಗ ಪ್ರೋಟೀನ್ ತಯಾರಿಕೆ ತಗ್ಗುತ್ತದೆ, ಬಹಳ ಸಲ ಸಂದೇಶವೇ ಚೂರಾಗುತ್ತದೆ. ಏಳೆಂಟು ಅಕ್ಷರ ಹೊಂದಿದರೂ ಸಾಕು. ಹಾಗಾಗಿ ಒಂದೇ ಮೈಕ್ರೋ ಆರ್‌ಎನ್‌ಎ ನೂರಾರು ಜೀನುಗಳಿಗೆ ಕಡಿವಾಣ ಹಾಕಬಲ್ಲದು.

ಮಿರ್-15 ಮತ್ತು 16 ಹದ್ದಿನಲ್ಲಿಡುವವುಗಳಲ್ಲಿ ಮುಖ್ಯವಾದದ್ದು ಬಿಸಿಎಲ್-2 ಎಂದು 2005ರಲ್ಲಿ ತಿಳಿಯಿತು. ಜೀವಕೋಶದ ಸಾವನ್ನು ತಡೆಯುವ ಪ್ರೋಟೀನ್ ಅದು. ಕಡಿವಾಣ ಕಳಚಿದರೆ ಬಿಸಿಎಲ್-2 ಹೆಚ್ಚುತ್ತದೆ, ಕಣ ಸಾಯುವುದನ್ನೇ ಮರೆಯುತ್ತದೆ. 2010ರಲ್ಲಿ ಇಲಿಗಳಿಂದ ಈ ಮೈಕ್ರೋ ಆರ್‌ಎನ್‌ಎಗಳಿರುವ ಡಿಎನ್‌ಎ ತುಣುಕನ್ನು ಕಿತ್ತುಹಾಕಿ ನೋಡಿದಾಗ ಕೆಲವಕ್ಕೆ ಇಂಥದೇ ಲ್ಯುಕೇಮಿಯಾ ಬಂತು.

ಕೀಮೋಥೆರಪಿ ಕೆಲವರಿಗೆ ಯಾಕೆ ನಾಟುವುದಿಲ್ಲ ಎಂಬ ಪ್ರಶ್ನೆಗೂ ಇಲ್ಲೊಂದು ಸುಳಿವಿದೆ. ವಿನ್‌ಕ್ರಿಸ್ಟಿನ್ ಔಷಧಕ್ಕೆ ಜಗ್ಗದ ಹೊಟ್ಟೆ ಕ್ಯಾನ್ಸರಿನ ಜೀವಕೋಶಗಳಲ್ಲಿ ಮಿರ್-16 ತೀರ ಕಡಿಮೆ ಇತ್ತು. ಅದನ್ನು ಮರಳಿ ತುಂಬಿದಾಗ ಅವೇ ಕೋಶಗಳು ಔಷಧಕ್ಕೆ ಬಲಿಯಾದವು. ಇನ್ನು ಬಿಸಿಎಲ್-2 ಅನ್ನು ನೇರವಾಗಿ ಹಿಡಿದು ಕಟ್ಟಿಹಾಕುವ ವೆನೆಟೊಕ್ಲಾಕ್ಸ್ ಮಾತ್ರೆಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಬೇರೆಯದೇ ಸಂಶೋಧನೆಯ ದಾರಿಯಲ್ಲಿ ಬಂದ ಔಷಧ. ಆದರೂ ಸಿಎಲ್‌ಎಲ್ ರೋಗಿಯ ದೇಹದಲ್ಲಿ ಅದು ಮಾಡುವುದು ಕಳೆದುಹೋದ ಮೈಕ್ರೋ ಆರ್‌ಎನ್‌ಎಗಳು ಮಾಡಬೇಕಿದ್ದ ಕೆಲಸವನ್ನೇ.

ಹಾಗಾದರೆ ಮೈಕ್ರೋ ಆರ್‌ಎನ್‌ಎಯನ್ನೇ ಔಷಧವಾಗಿ ಕೊಡಬಾರದೇಕೆ? ಆ ಪ್ರಯತ್ನ 2013ರಲ್ಲೇ ಶುರುವಾಯಿತು. ಮಿರ್-34 ಎಂಬ ಇನ್ನೊಂದು ಮೈಕ್ರೋ ಆರ್‌ಎನ್‌ಎಯ ನಕಲನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿ, ಬೇರೆ ಚಿಕಿತ್ಸೆಗಳಿಗೆ ಬಗ್ಗದ ಕ್ಯಾನ್ಸರ್ ಇದ್ದ 85 ಜನರಿಗೆ ರಕ್ತನಾಳದ ಮೂಲಕ ಕೊಡಲಾಯಿತು. ಮೂವರಲ್ಲಿ ಗಡ್ಡೆ ಕುಗ್ಗಿತು. ಆದರೆ ಕೆಲವರ ರೋಗನಿರೋಧಕ ವ್ಯವಸ್ಥೆ ತಿರುಗಿಬಿತ್ತು, ನಾಲ್ವರು ತೀರಿಕೊಂಡರು. 2016ರಲ್ಲಿ ಪ್ರಯೋಗ ನಿಂತಿತು. ಈ ನಾಲ್ವರ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿ ಮುಂದೆ ಹೋಗಬಾರದು. ಉಳಿದ ದಾರಿಗಳೆಲ್ಲ ಮುಚ್ಚಿದ ಮೇಲೆ ತಾವಾಗಿ ಮುಂದೆ ಬಂದವರು ಅವರು, ಅವರ ಜೊತೆಯವರು. ಈ ರೋಗಿಗಳು ಕೊಟ್ಟ ರಕ್ತದ ಬಿಳಿ ಕಣಗಳಲ್ಲೇ, ಹೊರಗಿನಿಂದ ಕೊಟ್ಟ ಮೈಕ್ರೋ ಆರ್‌ಎನ್‌ಎ ಮನುಷ್ಯನ ದೇಹದೊಳಗೆ ತನ್ನ ಗುರಿಯ ಜೀನುಗಳನ್ನು ತಗ್ಗಿಸಿದ್ದು ಕಾಣಿಸಿತು.